ಹತ್ತು ನಿಮಿಷದ ಆಟ

ಕಚೇರಿಯ ಗೋಡೆಯ ಮೇಲಿರುವ ಗಡಿಯಾರಕ್ಕೆ ಎರಡು ಬಗೆಯ ನಡಿಗೆಯುಂಟು. ಬೆಳಗಿನ ಹನ್ನೊಂದರಿಂದ ಮಧ್ಯಾಹ್ನದ ಒಂದರವರೆಗೆ ಅದು ತುಂಬು ಗಬ್ಬದ ಎಮ್ಮೆಯಂತೆ ಹೆಜ್ಜೆಯಿಡುತ್ತದೆ. ಊಟದ ಗಂಟೆ ಹೊಡೆದದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತೆ ಓಡತೊಡಗುತ್ತದೆ. ಆ ಓಟದ ನಡುವೆಯೇ ಬುತ್ತಿ ಬಿಚ್ಚಿ, ಉಂಡು, ಪಕ್ಕದವರ ಉಪ್ಪಿನಕಾಯಿಯ ರುಚಿ ನೋಡಿ, ಡಬ್ಬಿ ತೊಳೆದಿಟ್ಟು ಕುಳಿತರೆ, ಮುಂದಿನ ಗಂಟೆ ಹೊಡೆಯುವುದಕ್ಕೆ ಇನ್ನೂ ಹತ್ತು ನಿಮಿಷ ಉಳಿದಿರುತ್ತದೆ. ಈ ಹತ್ತು ನಿಮಿಷ ಯಾರ ಸ್ವತ್ತು? ಸಂಬಳ ಕೊಡುವವರು ಇದರ ಲೆಕ್ಕ ಕೇಳುವುದಿಲ್ಲ. ಮನೆಯವರಿಗೆ ಇದು ಇರುವ ಸಂಗತಿಯೇ ತಿಳಿಯದು. ದುಡಿಯುವವನಿಗೆ ಇಡೀ ಹಗಲಿನಲ್ಲಿ ತನ್ನದೇ ಎಂದು ಹೇಳಿಕೊಳ್ಳಲು ಮಿಕ್ಕ ಕಾಲ ಇಷ್ಟೇ.

ಹಿಂದಿನ ಗುಮಾಸ್ತರು ಇದನ್ನು ಮೇಜಿನ ಮೇಲೆ ತಲೆಯಿಟ್ಟು ತೆಗೆಯುವ ಕೋಳಿನಿದ್ದೆಗೋ, ಮೇಲಧಿಕಾರಿಯ ಜಾತಕ ಬಿಚ್ಚುವುದಕ್ಕೋ ವಿನಿಯೋಗಿಸುತ್ತಿದ್ದರು. ಇಂದಿನವರು ಕೈಯಲ್ಲಿರುವ ಫೋನಿಗೆ ಅರ್ಪಿಸುತ್ತಾರೆ. ಒಂದೇ ಮೇಜಿನ ಸುತ್ತ ಹತ್ತು ಜನ ಕುಳಿತಿರುತ್ತಾರೆ. ಹತ್ತು ತಲೆಗಳೂ ಹತ್ತು ಗಾಜುಗಳ ಮೇಲೆ ಬಾಗಿರುತ್ತವೆ. ಮೂರು ವರ್ಷ ಜೊತೆಗೆ ಉಂಡವರಿಗೆ ಪಕ್ಕದವರ ಊರು ಯಾವುದೆಂದು ತಿಳಿಯದಿರುವುದೂ ಉಂಟು. ಈ ಹೊತ್ತನ್ನು ಒಂದು ಚಿಕ್ಕ ಆಟಕ್ಕೆ ಕೊಟ್ಟರೆ ಏನಾದೀತು? ‘ಕೆಲಸದ ಜಾಗದಲ್ಲಿ ಆಟವೇ?’ ಎಂದು ಹುಬ್ಬೇರಿಸುವವರೂ ಇದ್ದಾರೆ. ಅವರ ಶಂಕೆಯನ್ನು ಮೊದಲು ಪರಿಹರಿಸುವುದು ಯುಕ್ತ.

ವಿರಾಮವೆಂಬುದು ಸೋಮಾರಿಗಳ ಬೇಡಿಕೆಯೆಂಬ ಭಾವನೆ ಬಹುಕಾಲದಿಂದ ಬಂದದ್ದು. ಅದನ್ನು ಅಲುಗಾಡಿಸಿದವರಲ್ಲಿ ಎಲ್ಟನ್ ಮೇಯೋ ಎಂಬ ವಿದ್ವಾಂಸರು ಒಬ್ಬರು. ೧೯೨೩ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಬಟ್ಟೆ ಗಿರಣಿಯೊಂದು ಅವರ ಮೊರೆಹೊಕ್ಕಿತು. ಅಲ್ಲಿನ ನೂಲುವ ವಿಭಾಗದಲ್ಲಿ ಆಳುಗಳೇ ನಿಲ್ಲುತ್ತಿರಲಿಲ್ಲ. ನೂರು ಜನರ ಜಾಗವನ್ನು ತುಂಬಿಡಲು ವರ್ಷಕ್ಕೆ ಸುಮಾರು ೨೫೦ ಜನರನ್ನು ಹೊಸದಾಗಿ ಸೇರಿಸಿಕೊಳ್ಳಬೇಕಾಗುತ್ತಿತ್ತು. ಮೇಯೋ ಅವರು ಸೂಚಿಸಿದ ಮದ್ದು ಅತಿ ಸರಳವಾದದ್ದು: ದಿನಕ್ಕೆ ನಾಲ್ಕು ಸಲ, ಹತ್ತು ಹತ್ತು ನಿಮಿಷದ ವಿಶ್ರಾಂತಿ. ಬಿಟ್ಟುಹೋಗುವವರ ಸಂಖ್ಯೆ ಇಳಿಯಿತು. ದುಡಿಮೆಯ ಹೊತ್ತು ಕಡಮೆಯಾದರೂ ನೂಲು ಕಡಮೆಯಾಗಲಿಲ್ಲ. ಭಾರತದಲ್ಲಿ ೧೯೪೮ರ ಕಾರ್ಖಾನೆ ಕಾಯಿದೆಯು, ಯಾವ ಕೆಲಸಗಾರನನ್ನೂ ಅರ್ಧ ಗಂಟೆಯ ವಿರಾಮವಿಲ್ಲದೆ ಐದು ಗಂಟೆಗಿಂತ ಹೆಚ್ಚು ಕಾಲ ಒಂದೇ ಸಮನೆ ದುಡಿಸಕೂಡದೆಂದು ಸಾಮಾನ್ಯ ಕಟ್ಟಳೆಯನ್ನು ವಿಧಿಸಿತು. ೨೫೦ಕ್ಕೂ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಲ್ಲಿ ಉಪಾಹಾರಗೃಹವಿರಬೇಕೆಂಬ ನಿಯಮಕ್ಕೂ ದಾರಿ ಮಾಡಿತು. ಕಾಯಿದೆ ಅರ್ಧ ಗಂಟೆಯನ್ನು ಕೊಟ್ಟಿತು. ಅದನ್ನು ಹೇಗೆ ತುಂಬಬೇಕೆಂದು ಹೇಳಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತು.

ಅದನ್ನು ಜನರು ತಾವಾಗಿಯೇ ಹೇಗೆ ತುಂಬುತ್ತಾರೆ ಎಂಬುದಕ್ಕೆ ಒಂದು ಸೊಗಸಾದ ನಿದರ್ಶನವುಂಟು. ಡೊನಾಲ್ಡ್ ರಾಯ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಕಾರ್ಖಾನೆಯೊಂದರಲ್ಲಿ ಎರಡು ತಿಂಗಳ ಕಾಲ ಸ್ವತಃ ಯಂತ್ರದ ಮುಂದೆ ನಿಂತು ದುಡಿದು, ಆ ಅನುಭವವನ್ನು ೧೯೫೯-೬೦ರಲ್ಲಿ ‘ಬಾಳೆಹಣ್ಣಿನ ಹೊತ್ತು’ ಎಂಬ ಅರ್ಥದ ಹೆಸರಿಟ್ಟು ಪ್ರಕಟಿಸಿದರು. ಕಂಬಿ ಹಾಕಿದ ಕಿಟಕಿಯಿಂದ ಎದುರಿನ ಇಟ್ಟಿಗೆ ಗೋಡೆಯಲ್ಲದೆ ಬೇರೇನೂ ಕಾಣದ ಕೋಣೆ. ಅಚ್ಚನ್ನು ಇಡುವುದು, ಯಂತ್ರವನ್ನು ಒತ್ತುವುದು, ಮತ್ತೆ ಇಡುವುದು, ಮತ್ತೆ ಒತ್ತುವುದು. ರಾಯ್ ಅವರ ಜೊತೆಗಿದ್ದವರು ವಯಸ್ಸಾದ ಮೂವರು. ಲೇಖನದಲ್ಲಿ ಅವರಿಗೆ ಜಾರ್ಜ್, ಐಕ್, ಸ್ಯಾಮಿ ಎಂದು ಹೆಸರು. ಮೊದಲ ಕೆಲವು ದಿನ ರಾಯ್ ಅವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಕ್ರಮೇಣ ಆ ಮೂವರ ಹುಡುಗಾಟಗಳಿಗೆಲ್ಲ ಒಂದು ವೇಳಾಪಟ್ಟಿಯಿರುವುದು ಅವರ ಗಮನಕ್ಕೆ ಬಂತು. ಬೆಳಗ್ಗೆ ಸ್ಯಾಮಿ ತಂದ ಪೀಚ್ ಹಣ್ಣನ್ನು ಹಂಚಿ ತಿನ್ನುವ ಹೊತ್ತು. ಅದಾದ ಮೇಲೆ, ಸ್ಯಾಮಿಯ ಬುತ್ತಿಯಿಂದ ಬಾಳೆಹಣ್ಣನ್ನು ಐಕ್ ಕದ್ದು, ‘ಬಾಳೆಹಣ್ಣಿನ ಹೊತ್ತು!’ ಎಂದು ಕೂಗಿ ನುಂಗುವ ಹೊತ್ತು. ಸ್ಯಾಮಿ ದಿನವೂ ಸಿಡುಕುತ್ತಿದ್ದ; ಜಾರ್ಜ್ ಕೆಲವೊಮ್ಮೆ ಸ್ಯಾಮಿಯನ್ನೇ ಗದರಿಸುತ್ತಿದ್ದ. ಸ್ಯಾಮಿ ಒಂದು ದಿನವೂ ತನ್ನ ಹಣ್ಣನ್ನು ತಾನು ತಿನ್ನಲಿಲ್ಲ. ಹಣ್ಣು ತರುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ!

ಈ ಕೊನೆಯ ಮಾತಿನಲ್ಲಿ ಬಿಡುವಿನ ಆಟದ ಮರ್ಮವೆಲ್ಲ ಅಡಗಿದೆ. ಒಂದು ಬಾಳೆಹಣ್ಣನ್ನು ಕಳೆದುಕೊಂಡು ಆತ ಒಂದು ಗುಂಪನ್ನು ಗಳಿಸಿಕೊಂಡಿದ್ದ. ಉದ್ದವಾದ ಹಗಲನ್ನು ಈ ಚಿಲ್ಲರೆ ಆಟಗಳು ತುಂಡುತುಂಡಾಗಿ ಕತ್ತರಿಸಿ, ನುಂಗಬಹುದಾದ ತುತ್ತುಗಳನ್ನಾಗಿ ಮಾಡಿದ್ದವು. ಈ ಕಥೆಗೆ ಒಂದು ಉತ್ತರಾರ್ಧವೂ ಉಂಟು. ಅದು ಅಷ್ಟು ಸುಖಕರವಾದದ್ದಲ್ಲ. ಅದನ್ನು ಮುಂದೆ ನೋಡಬಹುದು.

ಕನ್ನಡ ನಾಡಿನ ಊಟದ ಮೇಜಿಗೆ ಬಾಳೆಹಣ್ಣಿನ ಕಳ್ಳತನವೇ ಬೇಕೆಂದಿಲ್ಲ. ಹತ್ತು ನಿಮಿಷದ ಆಟಕ್ಕೆ ಬೇಕಾದ ಲಕ್ಷಣಗಳು ಮೂರು: ಸಲಕರಣೆ ಇರಬಾರದು, ಇದ್ದರೂ ಜೇಬಿನಲ್ಲಿ ಹಿಡಿಸಬೇಕು, ನಿಯಮಗಳನ್ನು ಹೇಳಲು ಅರ್ಧ ನಿಮಿಷ ಸಾಕಾಗಬೇಕು, ಗಂಟೆ ಹೊಡೆದಾಗ ಎಲ್ಲಿ ನಿಂತರೂ ಮುಗಿಯಿತೆಂದು ಏಳುವಂತಿರಬೇಕು. ಚೌಕಾಬಾರ, ಪಗಡೆಗಳು ಒಳ್ಳೆಯ ಆಟಗಳೇ. ಆದರೆ ಕಾಯಿ ಹಣ್ಣಾಗುವ ಹೊತ್ತಿಗೆ ಕಡತ ಕೊಳೆತಿರುತ್ತದೆ.

ಊರ ಹೆಸರಿನ ಆಟವನ್ನು ತೆಗೆದುಕೊಳ್ಳಬಹುದು. ಒಬ್ಬರು ಹೇಳಿದ ಊರಿನ ಕೊನೆಯ ಅಕ್ಷರದಿಂದ ಇನ್ನೊಬ್ಬರು ಮತ್ತೊಂದು ಊರನ್ನು ಹೇಳಬೇಕು. ಸ್ವರ ಯಾವುದಾದರೂ ಆಗಬಹುದು, ವ್ಯಂಜನ ಮಾತ್ರ ಅದೇ ಇರಬೇಕು. ಕೇಳಲು ಸುಲಭ. ಆದರೆ ಕನ್ನಡ ನಾಡಿನ ಊರುಗಳ ಅರ್ಧ ಸಂತಾನ ‘ಊರು’ ಎಂದೇ ಕೊನೆಗೊಳ್ಳುವುದರಿಂದ, ಬೆಂಗಳೂರಿಗೆ ರಾಯಚೂರು, ರಾಯಚೂರಿಗೆ ರಾಣೆಬೆನ್ನೂರು, ರಾಣೆಬೆನ್ನೂರಿಗೆ ರಾಮನಗರ ಎಂದು ಎಲ್ಲರೂ ‘ರ’ಕಾರದ ಕೆಸರಿನಲ್ಲಿ ಹೂತುಕೊಳ್ಳುತ್ತಾರೆ. ಆಗ ಚತುರನಾದವನು ಮೆಲ್ಲಗೆ ‘ರೋಣ’ ಎನ್ನುತ್ತಾನೆ. ಮುಂದಿನವನ ಗತಿ? ಕನ್ನಡದಲ್ಲಿ ‘ಣ’ಕಾರದಿಂದ ಮಾತು ಹುಟ್ಟುವುದೇ ಇಲ್ಲ! ಕೊಪ್ಪಳವನ್ನು ಎಸೆದರೂ ಇದೇ ಪಾಡು. ಆದ್ದರಿಂದ ಅನುಭವಿಗಳು ‘ಣ’ ಬಂದರೆ ‘ನ’, ‘ಳ’ ಬಂದರೆ ‘ಲ’ ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ರೋಣಕ್ಕೆ ನವಲಗುಂದ, ನವಲಗುಂದಕ್ಕೆ ದಾವಣಗೆರೆ; ದಾವಣಗೆರೆಯಿಂದ ಪುನಃ ಅದೇ ‘ರ’ಕಾರ! ಈ ಆಟದಲ್ಲಿ ಹುದ್ದೆ, ಪದವಿಗಳು ಕೆಲಸಕ್ಕೆ ಬಾರವು. ವರ್ಷಗಟ್ಟಲೆ ಟಪಾಲು ವಿಂಗಡಿಸಿದ ಗುಮಾಸ್ತನ ಮುಂದೆ ದೊಡ್ಡ ಅಧಿಕಾರಿಯೂ ತಲೆ ಕೆರೆದುಕೊಳ್ಳಬೇಕು. ಹೊರನಾಡಿನಿಂದ ಹೊಸದಾಗಿ ಬಂದು ಸೇರಿದವರಿಗೂ ಇದು ಭೂಗೋಳದ ಪಾಠ, ಭಾಷೆಯ ಪಾಠ ಎರಡೂ ಆಗುತ್ತದೆ.

ಇಪ್ಪತ್ತು ಪ್ರಶ್ನೆಗಳ ಆಟ ಲೋಕಪ್ರಸಿದ್ಧವಾದದ್ದು. ೧೯೪೬ರಲ್ಲಿ ಅಮೆರಿಕದ ರೇಡಿಯೋದಲ್ಲಿಯೂ ೧೯೪೭ರಲ್ಲಿ ಬ್ರಿಟಿಷ್ ರೇಡಿಯೋದಲ್ಲಿಯೂ ಅದು ಕಾರ್ಯಕ್ರಮವಾಗಿ ಬಂದು ಮನೆಮಾತಾಯಿತು. ಒಬ್ಬರು ಒಂದು ವಸ್ತುವನ್ನು ನೆನೆದುಕೊಳ್ಳುತ್ತಾರೆ. ಉಳಿದವರು ‘ಹೌದು’, ‘ಅಲ್ಲ’ ಎಂಬ ಉತ್ತರ ಬರುವ ಇಪ್ಪತ್ತು ಪ್ರಶ್ನೆಗಳಲ್ಲಿ ಅದನ್ನು ಹಿಡಿಯಬೇಕು. ಇಪ್ಪತ್ತೇ ಪ್ರಶ್ನೆ ಸಾಕೆ ಎಂದು ಅನುಮಾನಿಸುವವರು ಲೆಕ್ಕ ಹಾಕಿ ನೋಡಬಹುದು. ಪ್ರತಿಯೊಂದು ಪ್ರಶ್ನೆಯೂ ಉಳಿದ ವಸ್ತುಗಳನ್ನು ಸರಿಯಾಗಿ ಎರಡು ಪಾಲು ಮಾಡುವಂತಿದ್ದರೆ, ಇಪ್ಪತ್ತು ಪ್ರಶ್ನೆಗಳು ೧೦,೪೮,೫೭೬ ವಸ್ತುಗಳಲ್ಲಿ ಒಂದನ್ನು ಹೆಕ್ಕಿ ತೆಗೆಯಬಲ್ಲವು. ‘ಅದು ಮಸಾಲೆದೋಸೆಯೇ?’ ಎಂದು ಮೊದಲೇ ನೆಗೆಯುವವನು ಸೋಲುತ್ತಾನೆ, ‘ಅದಕ್ಕೆ ಜೀವವುಂಟೇ?’ ಎಂದು ಆರಂಭಿಸುವವನು ಗೆಲ್ಲುತ್ತಾನೆ. ಕಚೇರಿಯ ಕೆಲಸದಲ್ಲಿಯೂ ತಪ್ಪು ಹುಡುಕುವ ಕ್ರಮ ಇದೇ ಅಲ್ಲವೇ?

ಇಬ್ಬರೇ ಇದ್ದರೆ ೨೧ ಬೆಂಕಿಕಡ್ಡಿಗಳು ಸಾಕು, ಬೆಂಕಿಪೊಟ್ಟಣವಿಲ್ಲದಿದ್ದರೆ ಹುಣಿಸೆಬೀಜವಾದೀತು. ಸರದಿಯಂತೆ ಒಬ್ಬೊಬ್ಬರೂ ಒಂದು, ಎರಡು ಅಥವಾ ಮೂರು ಕಡ್ಡಿಗಳನ್ನು ಎತ್ತಬೇಕು. ಕೊನೆಯ ಕಡ್ಡಿ ಯಾರ ಪಾಲಿಗೆ ಬಂತೋ ಅವರು ಸೋತರು. ಇದರಲ್ಲಿ ಒಂದು ಗುಟ್ಟಿದೆ. ಎರಡನೆಯವನಾಗಿ ಆಡುವವನು, ಎದುರಾಳಿ ಒಂದನ್ನೆತ್ತಿದರೆ ತಾನು ಮೂರು, ಎರಡಕ್ಕೆ ಎರಡು, ಮೂರಕ್ಕೆ ಒಂದು, ಹೀಗೆ ಪ್ರತಿ ಸುತ್ತಿಗೂ ನಾಲ್ಕನ್ನು ತುಂಬುತ್ತ ಹೋದರೆ ಐದು ಸುತ್ತಿಗೆ ಇಪ್ಪತ್ತು ಕಡ್ಡಿಗಳು ಮುಗಿದು, ಇಪ್ಪತ್ತೊಂದನೆಯದು ಎದುರಾಳಿಗೆ ತಪ್ಪದೆ ಉಳಿಯುತ್ತದೆ. ಈ ಗುಟ್ಟನ್ನು ಬಲ್ಲವನು ಒಂದು ವಾರ ಗೆದ್ದು, ಎಂಟನೆಯ ದಿನ ಎಲ್ಲರಿಗೂ ಹೇಳಿಕೊಟ್ಟರೆ ಅದು ದೊಡ್ಡತನ.

ಗುಂಪು ದೊಡ್ಡದಾದರೆ ಮೂಕಾಭಿನಯವುಂಟು. ಚಲನಚಿತ್ರದ ಹೆಸರನ್ನು ಬಾಯಿ ತೆರೆಯದೆ ಅಭಿನಯಿಸಿ ತೋರಿಸಬೇಕು. ೧೯೭೨ರ ‘ಬಂಗಾರದ ಮನುಷ್ಯ’ ಬಂದರೆ ಬೆರಳಿನ ಉಂಗುರವನ್ನು ತೋರಿಸಿ ಪಾರಾಗಬಹುದು. ೧೯೭೦ರ ‘ಸಂಸ್ಕಾರ’ ಬಂದರೆ ಎಂಥ ನಟನೂ ಬೆವರಬೇಕು. ನಾಲ್ಕು ಭಾಷೆಯವರು ಒಂದೇ ಮೇಜಿನಲ್ಲಿ ಉಣ್ಣುವ ಬೆಂಗಳೂರಿನಂಥ ನಗರಕ್ಕೆ ಹೇಳಿ ಮಾಡಿಸಿದ ಆಟವಿದು. ಮೌನಕ್ಕೆ ಅನುವಾದ ಬೇಕಿಲ್ಲ. ಒಗಟುಗಳನ್ನಂತೂ ಹೊಸದಾಗಿ ಕಟ್ಟಿಕೊಳ್ಳುವುದರಲ್ಲಿಯೇ ಹೆಚ್ಚಿನ ಸ್ವಾರಸ್ಯ. ಉದಾಹರಣೆಗೆ: ‘ಮುಖಕ್ಕೆ ಮಸಿ ಬಳಿದುಕೊಂಡವನು, ಮುಖವೊತ್ತಿದ ಕಡೆಯೆಲ್ಲ ಅಧಿಕಾರ ನಡೆಸುವನು. ಯಾರವನು?’ ಓದುಗರು ಯೋಚಿಸುತ್ತಿರಲಿ, ಉತ್ತರ ಕೊನೆಯಲ್ಲಿದೆ.

ಇನ್ನು ಪ್ರಶ್ನೋತ್ತರ, ಎಂದರೆ ಕ್ವಿಜ್. ಭಾರತದಲ್ಲಿ ಮೊತ್ತಮೊದಲ ಬಹಿರಂಗ ಕ್ವಿಜ್ ಸ್ಪರ್ಧೆಯನ್ನು ೧೯೬೭ರಲ್ಲಿ ನೀಲ್ ಓಬ್ರಿಯನ್ ಅವರು ಕಲ್ಕತ್ತೆಯಲ್ಲಿ ನಡೆಸಿಕೊಟ್ಟರು. ಕೆನಡಾ ದೇಶದ ಇಬ್ಬರು ಪತ್ರಕರ್ತರು ೧೯೭೯ರಲ್ಲಿ ‘ಟ್ರಿವಿಯಲ್ ಪರ್ಸೂಟ್’ ಎಂಬ ಪ್ರಶ್ನೆಗಳ ಮಣೆಯಾಟವನ್ನು ಕಲ್ಪಿಸಿದರು. ಕ್ಷುಲ್ಲಕ ವಿಷಯಗಳ ಬೆನ್ನಟ್ಟುವಿಕೆ ಎಂದು ಅದರ ಅರ್ಥ. ಆ ಕ್ಷುಲ್ಲಕವೇ ಅವರಿಗೆ ಭಾಗ್ಯವನ್ನು ತಂದಿತು. ಬೆಂಗಳೂರಿನಲ್ಲಿ ೧೯೮೩ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ೨೦೦೨ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ಆರಂಭಿಸಿದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು, ಸರಿಯುತ್ತರಕ್ಕೆ ಕನ್ನಡ ಪುಸ್ತಕವನ್ನೇ ಬಹುಮಾನವಾಗಿ ಕೊಟ್ಟು, ಪ್ರಶ್ನೋತ್ತರವನ್ನು ಹಳ್ಳಿಯ ಜಗಲಿಗೂ ಮುಟ್ಟಿಸಿತು.

ಆದರೆ ಊಟದ ಮೇಜಿನ ಕ್ವಿಜ್‌ನಲ್ಲಿ ಒಂದು ಅಪಾಯವಿದೆ. ರಾಜಧಾನಿಗಳ ಹೆಸರು, ನೊಬೆಲ್ ಬಹುಮಾನದ ವರ್ಷ, ಇವುಗಳನ್ನೇ ಕೇಳುತ್ತ ಹೋದರೆ ದೊಡ್ಡ ಶಾಲೆಯಲ್ಲಿ ಓದಿದ ಒಬ್ಬಿಬ್ಬರೇ ದಿನವೂ ಗೆಲ್ಲುತ್ತಾರೆ. ಉಳಿದವರು ಪರೀಕ್ಷೆಯ ಕೊಠಡಿಗೆ ಮರಳಿದಂತಾಗಿ ಮುದುಡುತ್ತಾರೆ. ಪ್ರಶ್ನೆ ಕೇಳುವ ಸರದಿ ದಿನಕ್ಕೊಬ್ಬರಿಗೆ ಬರಬೇಕು. ಕೇಳುವವರು ತಾವು ಬಲ್ಲ ಲೋಕದಿಂದ ಕೇಳಬೇಕು. ‘ಒಂದು ಮಾರು ಹೂವೆಂದರೆ ಎಷ್ಟು ಮೊಳ?’ ‘ರಾಗಿಯ ಪೈರಿಗೆ ಕುಂಟೆ ಹೊಡೆಯುವುದು ಏತಕ್ಕೆ?’ ‘ಹಪ್ಪಳದ ಹಿಟ್ಟು ಹದಕ್ಕೆ ಬಂತೆಂದು ತಿಳಿಯುವುದು ಹೇಗೆ?’ ಆಗ ಕೋಣೆಯ ಪಂಡಿತರು ಬದಲಾಗುತ್ತಾರೆ. ನಿನ್ನೆಯವರೆಗೆ ಮೂಲೆಯಲ್ಲಿ ತಲೆತಗ್ಗಿಸಿ ಉಣ್ಣುತ್ತಿದ್ದಾಕೆ ಇಂದು ನಡುವೆ ಕುಳಿತು ತೀರ್ಪು ಕೊಡುತ್ತಾಳೆ. ಆಕೆಗೆ ಈ ವಿದ್ಯೆ ಉಂಟೆಂದು ಅದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ.

ಇಲ್ಲಿ ಬಾಳೆಹಣ್ಣಿನ ಕಥೆಯ ಉತ್ತರಾರ್ಧಕ್ಕೆ ಬರಬೇಕು. ಆ ಕೋಣೆಯ ಮೂವರಲ್ಲಿ ಜಾರ್ಜನಿಗೆ ಒಂದು ಹೆಮ್ಮೆಯಿತ್ತು. ಆತನ ಮಗಳು ಪ್ರಾಧ್ಯಾಪಕರ ಮನೆಯ ಸೊಸೆಯಾಗಿದ್ದಳು. ಆ ಬೀಗರ ಸುದ್ದಿ ಬಂದಾಗ ಕೋಣೆಯೇ ಗಂಭೀರವಾಗುತ್ತಿತ್ತು. ಒಂದು ದಿನ ರಾಯ್ ಅವರು ಹಾಸ್ಯಕ್ಕೆಂದು, ಆ ಪ್ರಾಧ್ಯಾಪಕರು ಪಾಠ ಹೇಳುವುದು ಕ್ಷೌರ ಕಲಿಸುವ ಶಾಲೆಯಲ್ಲಿ ಎಂಬ ಮಾತನ್ನು ತೇಲಿಬಿಟ್ಟರು. ಐಕ್ ಅದನ್ನು ಜಾರ್ಜನ ಕಿವಿಗೆ ಮುಟ್ಟಿಸಿದ. ಜಾರ್ಜ್ ನಗಲಿಲ್ಲ. ಮಾತು ನಿಂತಿತು. ಹಣ್ಣು ಹಂಚುವುದು ನಿಂತಿತು, ಕದಿಯುವುದೂ ನಿಂತಿತು. ಎಷ್ಟೋ ದಿನ ಆ ಕೋಣೆಯಲ್ಲಿ ಯಂತ್ರದ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಕೆಲಸ ಮೊದಲಿನದೇ, ಯಂತ್ರ ಮೊದಲಿನದೇ. ಆದರೂ ಕಾಣೆಯಾಗಿದ್ದ ಆಯಾಸವೆಲ್ಲ ಮರಳಿ ಬಂದು ಮೈಮೇಲೆ ಕುಳಿತುಕೊಂಡಿತು. ದಿನಗಳು ಕಳೆದ ಮೇಲೆ ಮುನಿಸು ಮುರಿದು ಪುನಃ ಆಟ ಆರಂಭವಾಯಿತೆಂಬುದು ಸಮಾಧಾನದ ಸಂಗತಿ. ಬಾಳೆಹಣ್ಣನ್ನು ದಿನವೂ ಕದಿಯಬಹುದು, ಮಾನವನ್ನು ಒಂದು ದಿನವೂ ಕದಿಯಬಾರದು. ಯಾರ ಜಾತಿ, ಬಣ್ಣ, ನಾಲಿಗೆಯ ತೊಡರು, ಮನೆಯ ಸಂಕಟಗಳೂ ಆಟದ ಸರಕಾಗಕೂಡದು. ನಗು ಎಲ್ಲಿ ನಿಲ್ಲಬೇಕೆಂಬುದನ್ನು ನಗಿಸುವವನ ಮಾತಿನಿಂದ ಅಳೆಯಲಾಗದು. ನಗೆಗೆ ಗುರಿಯಾದವನ ಮುಖವನ್ನು ನೋಡಿ ಅಳೆಯಬೇಕು.

ಆಟ ಕೂಡಿಸುವಂತೆ ಒಡೆಯಲೂ ಬಲ್ಲದು. ಶಿಕಾಗೋ ನಗರದ ಬಳಿಯಿದ್ದ ಹಾಥಾರ್ನ್ ಕಾರ್ಖಾನೆಯಲ್ಲಿ ೧೯೩೧-೩೨ರಲ್ಲಿ ಟೆಲಿಫೋನ್ ಯಂತ್ರಕ್ಕೆ ತಂತಿ ಕಟ್ಟುವ ಹದಿನಾಲ್ಕು ಜನರನ್ನು ಒಂದು ಕೋಣೆಯಲ್ಲಿರಿಸಿ ಗಮನಿಸಿದರು. ಅವರು ಬಿಡುವಿನಲ್ಲಿ ನಾಣ್ಯ, ಇಸ್ಪೀಟು, ಬಾಜಿ ಎಂದು ಬಗೆಬಗೆಯ ಆಟಗಳಲ್ಲಿ ತೊಡಗುತ್ತಿದ್ದರು. ಕೋಣೆಯ ಮುಂಭಾಗದವರದೊಂದು ಗುಂಪು, ಹಿಂಭಾಗದವರದೊಂದು ಗುಂಪು. ಒಂದು ಗುಂಪಿನವರು ಇನ್ನೊಂದರೊಡನೆ ಆಡುತ್ತಿರಲಿಲ್ಲವೆಂದೇ ಹೇಳಬೇಕು. ಎರಡಕ್ಕೂ ಸೇರದೆ ಉಳಿದವರೂ ಕೆಲವರಿದ್ದರು. ಯಾವ ಕಚೇರಿಯಲ್ಲಿಯೂ ಆಟ ಕಟ್ಟುವವರು ಈ ಕೊನೆಯವರನ್ನು ಮೊದಲು ಎಣಿಸಬೇಕು. ಹೊಸದಾಗಿ ಸೇರಿದ ಹುಡುಗ, ಬಾಗಿಲು ಕಾಯುವಾತ, ಕಸ ಗುಡಿಸುವಾಕೆ, ಇವರಿಗೆ ಕುರ್ಚಿಯಿಲ್ಲದ ಆಟ ಆಟವಲ್ಲ. ಹಣದ ಪಂದ್ಯವಂತೂ ಬೇಡವೇ ಬೇಡ. ಮೇಜಿನ ಮೇಲೆ ಒಂದು ರೂಪಾಯಿ ಬಿದ್ದರೂ ಆಟದ ಜಾಗದಲ್ಲಿ ವ್ಯಾಪಾರ ಬಂದು ಕೂರುತ್ತದೆ. ಸೋತವರು ಮರುದಿನದ ಒಗಟು ತರತಕ್ಕದ್ದು ಎಂಬ ದಂಡ ಸಾಕು.

ಇನ್ನೊಂದು ಮಾತು ಮೇಲಧಿಕಾರಿಗಳಿಗೆ. ಆಟದಿಂದ ಇಷ್ಟೆಲ್ಲ ಲಾಭವಿದ್ದರೆ ನಾಳೆಯೇ ಸುತ್ತೋಲೆ ಹೊರಡಿಸೋಣವೆಂದು ಕೆಲವರಿಗೆ ತೋರಬಹುದು. ಪ್ಯಾರಿಸ್ಸಿನ ಸಲಹಾ ಸಂಸ್ಥೆಯೊಂದು ಮೋಜನ್ನೇ ತನ್ನ ಧ್ಯೇಯಗಳಲ್ಲಿ ಒಂದೆಂದು ಸಾರಿಕೊಂಡಿತ್ತು. ಆ ಕೂಟಗಳೂ ಕುಡಿತವೂ ಹಿಡಿಸದೆ ದೂರ ಉಳಿದ ನೌಕರನನ್ನು ೨೦೧೫ರಲ್ಲಿ ಕೆಲಸದಿಂದ ತೆಗೆಯಿತು. ಮೋಜಿಗೆ ಸೇರದಿರುವುದನ್ನು ನೆಪಮಾಡಿ ಒಬ್ಬನನ್ನು ತೆಗೆಯಲಾಗದು, ಅದು ಆತನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಭಂಗವೆಂದು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯವು ೨೦೨೨ರ ನವೆಂಬರಿನಲ್ಲಿ ತೀರ್ಪಿತ್ತಿತು. ಆಜ್ಞೆಯಿಂದ ಆಡುವುದು ಆಟವಾಗದು; ಅದು ಇನ್ನೊಂದು ಬಗೆಯ ಚಾಕರಿ. ಕಿಟಕಿಯ ಬಳಿ ಒಬ್ಬರೇ ಕುಳಿತು ಪುಸ್ತಕ ಓದುವವರಿಗೆ, ರಾತ್ರಿ ಮಗುವನ್ನು ಎತ್ತಿಕೊಂಡು ಎಚ್ಚರವಿದ್ದು ಈಗ ಕಣ್ಣುಮುಚ್ಚಿ ಒರಗಿದವರಿಗೆ, ಆ ಹತ್ತು ನಿಮಿಷ ಅವರದೇ. ಕರೆಯುವುದು ಸೌಜನ್ಯ, ಎಳೆಯುವುದು ಅವಿವೇಕ. ಅಧಿಕಾರಿ ಆಡಲು ಬಂದರೆ ಎಲ್ಲರಂತೆ ಬರಲಿ. ಸೋಲಲು ಸಿದ್ಧನಾಗಿ ಬರಲಿ.

ಹೀಗೆ ಆಡಿದರೆ ಲಾಭವೇನು ಎಂದು ಕೊನೆಗೆ ಲೆಕ್ಕ ಕೇಳುವವರಿಗೆ ಒಂದು ಉತ್ತರವಿದೆ. ಮಧ್ಯಾಹ್ನ ಮೂರು ಗಂಟೆಗೆ ಯಾವುದೋ ಲೆಕ್ಕ ತಾಳೆಯಾಗುವುದಿಲ್ಲ. ಹೊಸಬನಿಗೆ ತಪ್ಪು ಎಲ್ಲಿದೆಯೆಂದು ತಿಳಿಯದು; ಕೇಳಿದರೆ ದಡ್ಡನೆಂದಾರೆಂಬ ಭಯ. ಕೇಳದೆ ಮುಚ್ಚಿಟ್ಟರೆ ನಾಳೆ ಆ ತಪ್ಪು ಹತ್ತು ಮರಿ ಹಾಕುತ್ತದೆ. ಆದರೆ ಪಕ್ಕದ ಮೇಜಿನ ಹಿರಿಯರು, ಎರಡು ಗಂಟೆಯ ಹಿಂದೆ ‘ರೋಣ’ಕ್ಕೆ ಉತ್ತರ ತೋಚದೆ ಇವನ ಮುಂದೆಯೇ ನಕ್ಕು ಸೋತವರು. ಅಂಥವರ ಬಳಿಗೆ ಕಡತವನ್ನು ಹಿಡಿದುಕೊಂಡು ಹೋಗುವುದು ಕಷ್ಟವಾಗುವುದಿಲ್ಲ. ‘ಸ್ವಾಮೀ, ಇದೊಂದು ಸ್ವಲ್ಪ ನೋಡಿಕೊಡುತ್ತೀರಾ?’ ಎಂದು ಅವನು ಕೇಳುತ್ತಾನೆ. ‘ಎಲ್ಲಿ, ತಾರಯ್ಯ’ ಎಂದು ಅವರು ಕನ್ನಡಕವನ್ನು ಏರಿಸಿಕೊಳ್ಳುತ್ತಾರೆ. ಹತ್ತು ನಿಮಿಷದ ಆಟ ಗಳಿಸಿಕೊಟ್ಟದ್ದು ಈ ಎರಡು ಮಾತುಗಳನ್ನು.

ಒಗಟಿನ ಉತ್ತರ: ಕಚೇರಿಯ ಮೊಹರು. ಇದನ್ನು ಬಿಡಿಸಿದವರು ನಾಳೆಯ ಮೇಜಿಗೆ ಹೊಸದೊಂದನ್ನು ಕಟ್ಟಿ ತರಲಿ; ಬಿಡಿಸಲಾಗದವರು ಎರಡನ್ನು ತರಲಿ.